ಮಗಳಿಗೆ ಭಿನ್ನರಾಶಿ ತಲೆಗೆ ಹೋಗ್ತಿಲ್ಲ, ನೀವು ಹೇಗೆ ಕಲಿಸಿದಿರಿ?

ನಮ್ಮ ಮನೆ ಬದಿಯಡ್ಕದ ಹತ್ತಿರ. ಮಗಳು ಕನ್ನಡ ಮಾಧ್ಯಮದಲ್ಲಿ ಐದನೇ ಕ್ಲಾಸು. ಗುಣಾಕಾರ, ಭಾಗಾಕಾರ ಎಲ್ಲ ಸರಿ. ಭಿನ್ನರಾಶಿ ಬಂದರೆ ಕಣ್ಣಲ್ಲಿ ನೀರು. 1/2ಕ್ಕೆ 1/3 ಕೂಡಿಸಿದರೆ 2/5 ಅಂತಾಳೆ. ಮನೆಯಲ್ಲೇ ಏನಾದರೂ ಮಾಡಿಸಿ ಕಲಿಸಿದವರು ಹೇಳಿ.

ನೀರ್ಚಾಲಿನಿಂದ ಒಬ್ಬ ಅಮ್ಮ:
ಅಕ್ಕಾ, ನಾನು ದೋಸೆ ತುಂಡು ಮಾಡಿ ಶುರು ಮಾಡಿದೆ. ಒಂದು ವಾರ ಭಾರೀ ಖುಷಿ. ಆಮೇಲೆ 12 ಅಡಿಕೆ ಕೊಟ್ಟು ಮೂರನೇ ಒಂದು ಭಾಗ ತೆಗಿ ಅಂದರೆ ಮಗ ಕತ್ತಿ ಹುಡುಕಿದ! ದುಂಡಗಿನದನ್ನು ತುಂಡು ಮಾಡಿದರೆ ಮಾತ್ರ ಭಿನ್ನರಾಶಿ ಅಂತ ಅವನ ಲೆಕ್ಕ. ದೋಸೆಯಲ್ಲೇ ನಿಲ್ಲಬೇಡಿ. ಹಗ್ಗ, ಬಾಳೆಲೆ, ಅಡಿಕೆ, ಎಲ್ಲ ಬರಲಿ.

ಕುಂಬಳೆಯ ನಿವೃತ್ತ ಮಾಷ್ಟ್ರು:
ಆ 12 ಅಡಿಕೆಯೇ ಸಾಕು. ಆದರೆ ಮೊದಲು ಅಂದಾಜು ಕೇಳಿ. 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗ್ತದಾ ಮಗಾ? ಅವಳೇ ನಗಬೇಕು. ಆಮೇಲೆ ಅಡಿಕೆ ಕೊಡಿ. ಅರ್ಧ 6, ಮೂರನೇ ಒಂದು 4, ಕೂಡಿದರೆ 12ರಲ್ಲಿ 10. ಎರಡೆರಡರ ಜೋಡಿ ಮಾಡಿದರೆ 6 ಜೋಡಿಯಲ್ಲಿ 5, ಅಂದರೆ 5/6. ಇನ್ನು 10 ಅಡಿಕೆ ಕೊಟ್ಟು ನೋಡಿ. ಮೂರು ಪಾಲು ಮಾಡಿದರೆ ಒಂದು ಉಳಿದು ಕಾಡುತ್ತದೆ. ಛೇದ ಸಮ ಮಾಡುವುದು ಯಾಕೆ ಅಂತ ಹೊಳೆಯುವುದು ಆವಾಗಲೇ. ನಾನು ಬಹಳ ವರ್ಷ ಸುಮ್ನೆ ಸೂತ್ರ ಬರೆಸುತ್ತಿದ್ದೆ, ಅದು ಬೇರೆ ಮಾತು.
ಇನ್ನೊಂದು. ನಮ್ಮ ‘ಮುಕ್ಕಾಲು’ ನೋಡಿ. ಮೂರು ಕಾಲು. 3/4 ಆ ಹೆಸರಲ್ಲೇ ಇದೆ.

ಪೆರ್ಲದ ಕೃಷಿಕರು:
ನಿಮ್ಮ ಪ್ರಶ್ನೆಗೆ ಸ್ವಲ್ಪ ಆಚೆಯದು. ಅಡಿಕೆ ಗಿಡಕ್ಕೆ 9 ಅಡಿ ಅಂತರ ಅಂದರೆ ಒಂದಕ್ಕೆ 81 ಚದರ ಅಡಿ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಎಷ್ಟು ಗಿಡ? ಮಗ 5 ಚಿಲ್ಲರೆ ಅಂದ. ತೋಟಕ್ಕೆ ಹೋಗಿ ಎಣಿಸಿದರೆ ಜಾಸ್ತಿ ಇತ್ತು. ಅಜ್ಜ ಒತ್ತೊತ್ತಾಗಿ ನೆಟ್ಟಿದ್ದರು, ಲೆಕ್ಕ ತಪ್ಪಿದ್ದಲ್ಲ!

ಪ್ರಶ್ನೆ ಕೇಳಿದವಳು:
ಮಾಷ್ಟ್ರೇ, ಅಡಿಕೆ ಹರಡಿ ಕೂತಿದ್ದೆವು. ಅತ್ತೆ ಬಂದು ಹಳೇ ಅಳತೆ ತೆಗೆದರು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಹಾಗಾದ್ರೆ ಅರ್ಧ ಮುಡಿ ಅಕ್ಕಿಗೆ ಮೂರನೇ ಒಂದು ಮುಡಿ ಸೇರಿಸಿದರೆ ಎಷ್ಟು ಸೇರು ಅಂತ ಕೇಳಿದರು. ಮುಡಿ ಕಣ್ಣಲ್ಲೇ ನೋಡದವಳು 21, 14, ಒಟ್ಟು 35 ಅಂದಳು! 42ರಲ್ಲಿ 35 ಅಂದ್ರೂ 5/6ಏ ಅಲ್ವಾ ಅಂತ ಈಗ 7ರಿಂದ ಭಾಗಿಸ್ತಾ ಕೂತಿದ್ದಾಳೆ.