ತಂತ್ರಾಂಶ ತಂಡದಲ್ಲಿ ಲೀನ್ ಪದ್ಧತಿ: ವ್ಯರ್ಥವೆಂದು ಯಾವುದನ್ನು ಎಣಿಸಬೇಕು?

ಪ್ರಶ್ನೆ

ನಾನು ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಬಿಲ್ಲಿಂಗ್ ತಂತ್ರಾಂಶ ಬರೆಯುವ 9 ಜನರ ತಂಡವನ್ನು ನೋಡಿಕೊಳ್ಳುತ್ತಿದ್ದೇನೆ. ಮೂರು ತಿಂಗಳ ಹಿಂದೆ ಆಡಳಿತದವರು ಇನ್ನು ಲೀನ್ ಪದ್ಧತಿಯಲ್ಲೇ (ಗ್ರಾಹಕರಿಗೆ ಉಪಯೋಗವಿಲ್ಲದ ಕೆಲಸ, ಕಾಯುವಿಕೆಗಳನ್ನು ವ್ಯರ್ಥವೆಂದು ಗುರುತಿಸಿ ತೆಗೆಯುವ ಪದ್ಧತಿ) ನಡೆಯಬೇಕೆಂದು ಹೇಳಿ, ವ್ಯರ್ಥವನ್ನು ತಗ್ಗಿಸುವ ಹೆಸರಿನಲ್ಲಿ ನಮ್ಮ ಇಬ್ಬರು ಟೆಸ್ಟರ್‌ಗಳಲ್ಲಿ ಒಬ್ಬರನ್ನು ಬೇರೆ ಪ್ರಾಜೆಕ್ಟ್‌ಗೆ ಕಳಿಸಿದರು. ಯಾರ ಕೈಯೂ ಒಂದು ಗಂಟೆ ಖಾಲಿ ಇರಬಾರದೆಂದು ಪ್ರತಿಯೊಬ್ಬರಿಗೂ ಎರಡು ಮೂರು ಕೆಲಸಗಳನ್ನು ಒಟ್ಟಿಗೇ ಹಂಚಿದರು. ಈಗ ಎಲ್ಲರೂ ರಾತ್ರಿಯವರೆಗೆ ದುಡಿಯುತ್ತಿದ್ದಾರೆ, ಆದರೂ ಗ್ರಾಹಕರಿಗೆ ಎಲ್ಲವೂ ಮೊದಲಿಗಿಂತ ತಡವಾಗಿ ತಲುಪುತ್ತಿದೆ. ಇನ್‌ವಾಯ್ಸ್‌ನ ಮೊತ್ತದಲ್ಲಿ ಪೈಸೆಯ ಲೆಕ್ಕ ಸರಿಪಡಿಸುವ ಒಂದೇ ಸಾಲಿನ ತಿದ್ದುಪಡಿ ಹೊರಗೆ ಹೋಗಲು ಕಳೆದ ತಿಂಗಳು 19 ದಿನ ಹಿಡಿಯಿತು. ಕಾರು ಕಾರ್ಖಾನೆಗೆಂದು ಹುಟ್ಟಿದ ಈ ಪದ್ಧತಿ ನಮ್ಮ ಕೆಲಸಕ್ಕೆ ಒಗ್ಗುವುದಿಲ್ಲವೋ, ಇಲ್ಲ ನಾವೇ ತಪ್ಪಾಗಿ ತಿಳಿದುಕೊಂಡಿದ್ದೇವೋ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮಲ್ಲಿ ನಡೆದಿರುವುದು ಲೀನ್ ಅಲ್ಲ. ಟೊಯೋಟಾದಲ್ಲಿ ಈ ಪದ್ಧತಿಯನ್ನು ಕಟ್ಟಿದ ತಾಯ್ಚಿ ಓನೊ ಅವರು ಏಳು ಬಗೆಯ ವ್ಯರ್ಥಗಳನ್ನು ಹೆಸರಿಸಿದರು. ಅಗತ್ಯಕ್ಕಿಂತ ಮೊದಲೇ, ಅಗತ್ಯಕ್ಕಿಂತ ಹೆಚ್ಚು ತಯಾರಿಸುವುದನ್ನೇ ಅವರು ಎಲ್ಲಕ್ಕಿಂತ ಕೆಟ್ಟದ್ದೆಂದು ಕಂಡರು, ಏಕೆಂದರೆ ಉಳಿದ ವ್ಯರ್ಥಗಳೆಲ್ಲ ಆ ರಾಶಿಯ ಹಿಂದೆ ಅಡಗಿಕೊಳ್ಳುತ್ತವೆ. ಮೇರಿ ಮತ್ತು ಟಾಮ್ ಪಾಪೆಂಡೀಕ್ ದಂಪತಿ 2003ರ ತಮ್ಮ ಪುಸ್ತಕದಲ್ಲಿ ಈ ಏಳನ್ನು ತಂತ್ರಾಂಶಕ್ಕೆ ಹೊಂದಿಸಿದಾಗ, ಗೋದಾಮಿನ ದಾಸ್ತಾನು ಇದ್ದ ಜಾಗದಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನು ಇಟ್ಟರು. ಒಬ್ಬರ ತಲೆಯ ಮೇಲೆ ಮೂರು ಕೆಲಸ ಹೊರಿಸಿ ಒಂದರಿಂದ ಇನ್ನೊಂದಕ್ಕೆ ಅಲೆದಾಡಿಸುವುದೂ ಅವರ ಪಟ್ಟಿಯಲ್ಲಿದೆ; ನಿಮ್ಮ ಆಡಳಿತದವರು ವ್ಯರ್ಥ ತಗ್ಗಿಸಲು ಹೋಗಿ ಹೆಚ್ಚಿಸಿದ್ದು ಇದನ್ನೇ.

ನಮ್ಮ ತಂದೆ ಪೀಣ್ಯದ ಒಂದು ಲೇತ್ ವರ್ಕ್‌ಶಾಪ್‌ನಲ್ಲಿ ಮೂವತ್ತು ವರ್ಷ ದುಡಿದವರು. ಡ್ರಿಲ್ಲಿಂಗ್ ಮೆಷಿನ್ ಕೆಟ್ಟು ನಿಂತರೆ, ಅದರ ಮುಂದೆ ಲೇತ್‌ನಿಂದ ಇಳಿದ ಶಾಫ್ಟ್‌ಗಳು ಎಣ್ಣೆ ಸೋರುತ್ತ ಟ್ರೇ ಮೇಲೆ ಟ್ರೇಯಾಗಿ ಏರುತ್ತಿದ್ದವು, ನಡೆದಾಡಲು ದಾರಿ ಇರುತ್ತಿರಲಿಲ್ಲ, ಮಧ್ಯಾಹ್ನದೊಳಗೆ ಮಾಲೀಕರೇ ಬಂದು ಲೇತ್ ನಿಲ್ಲಿಸುತ್ತಿದ್ದರು. ನಮ್ಮ ಕೆಲಸದಲ್ಲಿ ಈ ರಾಶಿ ಯಾರ ಕಾಲಿಗೂ ತೊಡರುವುದಿಲ್ಲ. ಪರೀಕ್ಷೆಗೆ ಕಾದಿರುವ ಇಪ್ಪತ್ತು ಬ್ರಾಂಚ್‌ಗಳು (ಮೂಲ ಕೋಡ್‌ಗೆ ಇನ್ನೂ ಸೇರದ ಪ್ರತ್ಯೇಕ ಪ್ರತಿಗಳು) ಒಂದು ಅಂಗುಲ ಜಾಗವನ್ನೂ ಹಿಡಿಯದ ಕಾರಣ ಎಲ್ಲರೂ ಇನ್ನಷ್ಟು ಬರೆಯುತ್ತಲೇ ಹೋಗುತ್ತಾರೆ. ಗೋಡೆಯ ಮೇಲೆ ಕಾನ್‌ಬಾನ್ ಬೋರ್ಡ್ (ಪ್ರತಿ ಕೆಲಸಕ್ಕೆ ಒಂದು ಕಾರ್ಡ್, ಪ್ರತಿ ಹಂತಕ್ಕೆ ಒಂದು ಅಂಕಣ ಇರುವ ಫಲಕ) ಹಾಕಿ, ಪ್ರತಿ ಅಂಕಣದಲ್ಲಿ ಇಂತಿಷ್ಟೇ ಕಾರ್ಡ್ ಇರಬೇಕೆಂದು ಮಿತಿ ಹಾಕುವುದು ಆ ರಾಶಿಯನ್ನು ಕಣ್ಣಿಗೆ ಕಾಣಿಸುವುದಕ್ಕಾಗಿ.

ಮಿತಿ ಏಕೆ ಕೆಲಸ ಮಾಡುತ್ತದೆಂಬುದಕ್ಕೆ ಲೆಕ್ಕವೂ ಇದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಕೈಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಸರಾಸರಿ ಕಾಲ ಸಿಗುತ್ತದೆ. ವಾರಕ್ಕೆ 6 ಮುಗಿಯುವ ಕಡೆ 24 ಕೆಲಸ ಹಿಡಿದುಕೊಂಡರೆ ನಾಲ್ಕು ವಾರ, ಅದೇ ವೇಗದಲ್ಲಿ 12 ಹಿಡಿದರೆ ಎರಡು ವಾರ. ಮೊದಲು ಆ 19 ದಿನಗಳನ್ನು ಬಿಡಿಸಿ ಒಂದು ಹಾಳೆಯಲ್ಲಿ ಬರೆಯಿರಿ: ಯಾವ ದಿನ ಯಾರಾದರೂ ಅದನ್ನು ಮುಟ್ಟಿದ್ದರು, ಯಾವ ದಿನ ಅದು ಸುಮ್ಮನೆ ಕಾದಿತ್ತು?

ಉತ್ತರ 2

ಟೆಸ್ಟರ್ ಆಗಿ ಹನ್ನೊಂದು ವರ್ಷ ದುಡಿದವಳು ಹೇಳುತ್ತಿದ್ದೇನೆ, ಪರೀಕ್ಷೆಯನ್ನು ವ್ಯರ್ಥದ ಲೆಕ್ಕಕ್ಕೆ ಸೇರಿಸುವುದು ಈ ಪದ್ಧತಿಯ ಬೇರನ್ನೇ ಕಡಿದಂತೆ. ಟೊಯೋಟಾ ಕಾರು ಮಾಡುವುದಕ್ಕೂ ಮುಂಚೆ, 1924ರಲ್ಲಿ, ಟೊಯೋಟಾ ಸಮೂಹದ ಸ್ಥಾಪಕ ಸಕಿಚಿ ಟೊಯೋಡಾ ಅವರ ಸ್ವಯಂಚಾಲಿತ ಮಗ್ಗ ಬಂದಿತು. ಹಾಸಿನ ಒಂದು ಎಳೆ ತುಂಡಾದರೂ ಅದು ತಾನಾಗಿಯೇ ನಿಲ್ಲುತ್ತಿದ್ದುದರಿಂದ ದೋಷವಿರುವ ಬಟ್ಟೆ ಗಜಗಟ್ಟಲೆ ನೇಯ್ದು ಬೀಳುತ್ತಿರಲಿಲ್ಲ. ಬಿಲ್ಡ್ (ಎಲ್ಲರ ಕೋಡ್ ಒಟ್ಟುಗೂಡಿಸಿ ಓಡುವ ತಂತ್ರಾಂಶ ಮಾಡುವ ಹಂತ) ಮುರಿದ ಕೂಡಲೇ ಹೊಸ ಕೋಡ್ ಸೇರಿಸುವುದನ್ನು ನಿಲ್ಲಿಸಿ ಮೊದಲು ಅದನ್ನು ಸರಿಪಡಿಸಬೇಕೆಂಬ ನಮ್ಮ ಶಿಸ್ತು ಆ ಮಗ್ಗದ ವಂಶದ್ದೇ. ಬರೆದ ದಿನವೇ ಸಿಕ್ಕ ತಪ್ಪನ್ನು ಬರೆದವರು ಕಾಫಿ ಆರುವಷ್ಟರಲ್ಲಿ ತಿದ್ದುತ್ತಾರೆ. ಮೂರು ವಾರದ ನಂತರ ಸಿಕ್ಕರೆ, ತಾವು ಏನು ಬರೆದಿದ್ದೆವೆಂಬುದನ್ನು ನೆನಪಿಸಿಕೊಳ್ಳುವುದಕ್ಕೇ ಅರ್ಧ ದಿನ ಹೋಗುತ್ತದೆ. ಆ ಒಬ್ಬ ಟೆಸ್ಟರ್ ಈಗ ಎಷ್ಟು ಒತ್ತಡದಲ್ಲಿದ್ದಾರೆಂದು ಯಾರಾದರೂ ಅವರನ್ನು ಕೇಳಿದ್ದೀರಾ? ಜನರಿಗೆ ಗೌರವ ಕೊಡುವುದು ಟೊಯೋಟಾ ಪದ್ಧತಿಯ ಒಂದು ಕಂಬವೇ ಆಗಿದೆ.

ಉತ್ತರ 3

ಮೇಲಿನ ಮಾತುಗಳಿಗೆ ಒಂದನ್ನು ಸೇರಿಸುತ್ತೇನೆ. ಮಿತಿ ಹಾಕುವಾಗ ಗ್ರಾಹಕರ ತುರ್ತು ತೊಂದರೆಗಳಿಗೆ ಬೋರ್ಡ್‌ನಲ್ಲಿ ಪ್ರತ್ಯೇಕವಾಗಿ ಒಂದೇ ಒಂದು ಕಾರ್ಡ್‌ನ ಜಾಗ ಬಿಡಿ. ನಾವು ಅದನ್ನು ಬಿಡದೆ ಇದ್ದುದರಿಂದ ಎರಡನೇ ವಾರದಲ್ಲೇ ಎಲ್ಲ ಕೆಲಸವೂ ತುರ್ತು ಎನಿಸಿಕೊಂಡು ಮಿತಿ ಮುರಿದುಬಿತ್ತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ತಂಡದವರೆಲ್ಲ ಕುಳಿತು ಆ 19 ದಿನಗಳನ್ನು ಬಿಡಿಸಿದೆವು. ಕೋಡ್ ತಿದ್ದಲು 40 ನಿಮಿಷ, ರಿವ್ಯೂಗೆ (ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡಲು) ಹತ್ತು ನಿಮಿಷ, ಪರೀಕ್ಷೆಗೆ ಎರಡು ಗಂಟೆ ಹಿಡಿದಿತ್ತು. ಉಳಿದದ್ದೆಲ್ಲ ಕಾಯುವಿಕೆಯೇ: ರಿವ್ಯೂ ಮಾಡುವವರಿಗಾಗಿ 4 ದಿನ, ಪರೀಕ್ಷೆಯ ಸರದಿಗಾಗಿ 9 ದಿನ, ಹದಿನೈದು ದಿನಕ್ಕೊಮ್ಮೆ ಬರುವ ರಿಲೀಸ್‌ಗಾಗಿ 6 ದಿನ. ಕೈಯಲ್ಲಿ 27 ಕೆಲಸಗಳಿದ್ದವು, ಅವುಗಳಲ್ಲಿ 11 ನಮ್ಮ ಒಬ್ಬ ಟೆಸ್ಟರ್‌ನ ಮೇಜಿನ ಮುಂದೆಯೇ ನಿಂತಿದ್ದವು. ಅದನ್ನು ಬೋರ್ಡ್ ಮೇಲೆ ಕಂಡಾಗ ಆಕೆ ಮೊದಲ ಬಾರಿಗೆ ಬಾಯಿಬಿಟ್ಟು, ಎರಡು ವಾರದಿಂದ ಮಧ್ಯಾಹ್ನದ ಊಟಕ್ಕೂ ಸರಿಯಾಗಿ ಎದ್ದಿಲ್ಲವೆಂದು ಹೇಳಿದರು. ಇಷ್ಟು ದಿನ ನಾನು ಅವರನ್ನು ಕೇಳಲೇ ಇಲ್ಲವೆಂಬುದಕ್ಕೆ ನನಗೆ ಬಹಳ ನೋವಾಯಿತು. ಸೋಮವಾರದಿಂದ ಪರೀಕ್ಷೆಯ ಅಂಕಣ ಮೂರಕ್ಕೆ ಇಳಿಯುವವರೆಗೆ ಯಾರೂ ಹೊಸ ಕೆಲಸ ಹಿಡಿಯುವುದಿಲ್ಲ, ಇಬ್ಬರು ಡೆವಲಪರ್‌ಗಳು ಅವರ ಪಕ್ಕದಲ್ಲಿ ಕುಳಿತು ಪರೀಕ್ಷೆ ಮಾಡುತ್ತಾರೆ. ಕಳಿಸಿದ ಟೆಸ್ಟರ್‌ನನ್ನು ಹಿಂದಕ್ಕೆ ಕೇಳಲು ಆಡಳಿತದವರ ಬಳಿಗೆ ಆ ಹಾಳೆಯನ್ನೇ ಒಯ್ಯುತ್ತಿದ್ದೇನೆ.