ಹಳೆಯ ಬೈಕ್ ಕೊಳ್ಳುವ ಮುನ್ನ ನೀವು ನೋಡಿದ್ದೇನು, ನೋಡದೆ ಬಿಟ್ಟದ್ದೇನು?

ಮೊದಲ ಸಲ ಕೊಳ್ಳುವವನು:
ಹನ್ನೆರಡು ವರ್ಷ ಹಳೆಯದಾದ, ಎರಡು ಸಿಲಿಂಡರಿನ, ಕಾರ್ಬ್ಯುರೇಟರ್ ಇರುವ ಬೈಕೊಂದನ್ನು ನೋಡಲು ಭಾನುವಾರ ಹೋಗುವವನಿದ್ದೇನೆ. ಮೀಟರ್ 19,000 ಕಿಲೋಮೀಟರ್ ತೋರಿಸುತ್ತದೆಯಂತೆ. ಕಳೆದ ಎರಡು ವರ್ಷ ಅದು ಹೆಚ್ಚಾಗಿ ನಿಂತೇ ಇತ್ತೆಂದು ಮಾರುವವರೇ ಹೇಳಿದ್ದಾರೆ. ಓಡಿಸಿ ನೋಡಬೇಕಾದರೆ ಪೂರ್ತಿ ಹಣವನ್ನು ಮೊದಲೇ ಅವರ ಕೈಗೆ ಕೊಡಬೇಕೆಂಬುದು ಅವರ ಷರತ್ತು. ಇದನ್ನು ಒಪ್ಪಬಹುದೇ? ನಿಂತ ಬೈಕಿನಲ್ಲಿ ವಿಶೇಷವಾಗಿ ಏನನ್ನು ನೋಡಬೇಕು? ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಲೆಕ್ಕದ ಪುಸ್ತಕ:
ನನ್ನ ಕಥೆ ಕೇಳಿ, ಆಮೇಲೆ ಭಾನುವಾರದ ಮಾತು. ನಾನು ಬೈಕ್ ನೋಡಲು ಹೋದದ್ದು ಸಂಜೆ, ಬೆಳಕು ಇಳಿಯುವ ಹೊತ್ತಿನಲ್ಲಿ. ನಾನು ಹೋಗುವಷ್ಟರಲ್ಲಿ ಎಂಜಿನ್ ಚಾಲೂ ಆಗಿತ್ತು. ‘ನಿಮಗಾಗಿಯೇ ಬಿಸಿ ಮಾಡಿಟ್ಟಿದ್ದೇನೆ’ ಎಂದು ಮಾರುವವರು ಹೇಳಿದಾಗ ನಾನು ಅದನ್ನು ಮರ್ಯಾದೆಯೆಂದು ತಿಳಿದೆ.

ಕೊಂಡ ಬೆಲೆಯನ್ನು 100 ಎಂದಿಟ್ಟುಕೊಳ್ಳಿ. ಮೊದಲ ತಿಂಗಳಲ್ಲಿ ಎರಡು ಟಯರ್‌ಗಳಿಗೆ 9, ಚೈನ್ ಮತ್ತು ಸ್ಪ್ರಾಕೆಟ್‌ಗೆ 6, ಹ್ಯಾಂಡಲ್ ತಿರುಗುವ ಬೇರಿಂಗಾದ ಕೋನ್ ಸೆಟ್‌ಗೆ 3, ಫೋರ್ಕಿನ ಆಯಿಲ್ ಸೀಲ್‌ಗಳಿಗೆ 4, ಕಾರ್ಬ್ಯುರೇಟರನ್ನು ಎರಡು ಬಾರಿ ಬಿಚ್ಚಿ ಪೆಟ್ರೋಲ್ ಹರಿಯುವ ಸಣ್ಣ ತೂತುಗಳಾದ ಜೆಟ್‌ಗಳನ್ನು ತೊಳೆದದ್ದಕ್ಕೆ 5, ಬ್ಯಾಟರಿಗೆ 4 ಹೋಯಿತು. ಇಷ್ಟಕ್ಕೇ 31. ಮೂರನೆಯ ತಿಂಗಳಲ್ಲಿ ದೀರ್ಘವಾದ ಇಳಿಜಾರೊಂದನ್ನು ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ತಿರುಗಿಸಿದಾಗ, ಹಿಂದೆ ಬರುತ್ತಿದ್ದ ಗೆಳೆಯನಿಗೆ ರಸ್ತೆಯೇ ಕಾಣದಷ್ಟು ನೀಲಿ ಹೊಗೆ ಎದ್ದಿತು. ಆಯಿಲನ್ನು ತಡೆಯುವ ವಾಲ್ವ್ ಸೀಲ್‌ಗಳು ಗಟ್ಟಿಯಾಗಿ ಆಯಿಲ್ ಸಿಲಿಂಡರಿನೊಳಗೆ ಇಳಿಯುತ್ತಿತ್ತು. ಬಿಚ್ಚಿದ ಮೇಲೆ ಪಿಸ್ಟನ್ ರಿಂಗುಗಳೂ ಸವೆದಿರುವುದು ಗೊತ್ತಾಗಿ, ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವುದೂ ಸೇರಿ 21 ಆಯಿತು. ಮುಗಿಯಿತೆನ್ನುವಾಗ ಬ್ಯಾಟರಿಗೆ ಹೋಗುವ ಕರೆಂಟನ್ನು ಹದಗೊಳಿಸುವ ರೆಕ್ಟಿಫೈಯರ್ ಸುಟ್ಟು, ಅದರೊಂದಿಗೆ ಕರೆಂಟ್ ಹುಟ್ಟಿಸುವ ಕಾಯಿಲ್ ಪ್ಲೇಟೂ ಹೋಗಿ ಮತ್ತೆ 11. ಒಟ್ಟು 63. ಇದರಲ್ಲಿ ನನ್ನ ರಜೆಗಳ ಲೆಕ್ಕವಿಲ್ಲ.

ತಣ್ಣನೆಯ ಎಂಜಿನನ್ನು ನಾನೇ ಚಾಲೂ ಮಾಡಿದ್ದರೆ ಮೊದಲ ಕ್ಷಣದಲ್ಲೇ ಆ ನೀಲಿ ಹೊಗೆಯ ಉಂಡೆ ಸೈಲೆನ್ಸರಿನಿಂದ ಹೊರಬರುತ್ತಿತ್ತು. ರಾತ್ರಿಯಿಡೀ ತೊಟ್ಟಿಕ್ಕಿದ ಆಯಿಲ್ ಒಮ್ಮೆ ಉರಿದು ಹೋದ ಮೇಲೆ ಐಡಲಿಂಗಿನಲ್ಲಿ ಏನೂ ಕಾಣುವುದಿಲ್ಲ.

ತಣ್ಣನೆಯ ಎಂಜಿನ್:
ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹೋಗಿ ಬಾಗಿಲು ತಟ್ಟುವುದು ನನ್ನ ಪದ್ಧತಿ. ನಮಸ್ಕಾರ ಮಾಡುವ ಮೊದಲು ಸೈಲೆನ್ಸರ್ ಮುಟ್ಟುತ್ತೇನೆ. ಬೆಚ್ಚಗಿದ್ದರೆ ಹಿಂದಿರುಗುತ್ತೇನೆ. ಹೀಗೆ ಮೂರು ಬೈಕುಗಳನ್ನು ಬಿಟ್ಟು ನಾಲ್ಕನೆಯದನ್ನು ಕೊಂಡೆ. ಏಳು ವರ್ಷವಾಯಿತು, ಆಯಿಲ್, ಬ್ರೇಕ್ ಪ್ಯಾಡ್ ಮತ್ತು ಟಯರ್ ಬಿಟ್ಟು ಬೇರಾವುದಕ್ಕೂ ಖರ್ಚಾಗಿಲ್ಲ.

ಮೊದಲನೆಯದರಲ್ಲಿ ಚೈನನ್ನು ಹಿಂದಿನ ಸ್ಪ್ರಾಕೆಟಿನ ನಟ್ಟನಡುವೆ ಹಿಡಿದು ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಹೊರಗೆ ಕಂಡಿತು, ಅಂದರೆ ಚೈನ್ ಸವೆದಿತ್ತು, ಅದನ್ನು ಕ್ಷಮಿಸಬಹುದಿತ್ತು. ಆದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂಚಕ್ರವನ್ನು ನೆಲದಿಂದ ಎತ್ತಿ, ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿದಾಗ ನೇರ ನಿಲ್ಲುವ ಜಾಗದಲ್ಲಿ ಅದು ಗುಳಿಗೆ ಬಿದ್ದಂತೆ ಕಚ್ಚಿಕೊಂಡಿತು, ಅಂದರೆ ಕೋನ್ ಸೆಟ್ ಸವೆದಿತ್ತು. ಎರಡನೆಯದು ಹೊಳೆಯುತ್ತಿತ್ತು, ಹೊಸ ಬಣ್ಣ, ಹೊಸ ಸೀಟು. ಹ್ಯಾಂಡಲ್ ಪೂರ್ತಿ ತಿರುಗಿದಾಗ ಹೋಗಿ ತಗಲುವ ತಡೆಯ ಕಬ್ಬಿಣ ಒಂದು ಬದಿಯಲ್ಲಿ ಮಾತ್ರ ಜಜ್ಜಿತ್ತು. ಲಿವರ್, ಕನ್ನಡಿ, ಫುಟ್‌ರೆಸ್ಟ್ ಎಲ್ಲವನ್ನೂ ಹೊಸದಾಗಿ ಹಾಕಿ ಬಿದ್ದ ಗುರುತು ಮುಚ್ಚಬಹುದು. ಆ ತಡೆಯನ್ನು ಸರಿಮಾಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಮೂರನೆಯದರ ಮೀಟರ್ 11,000 ಹೇಳುತ್ತಿತ್ತು, ಬ್ರೇಕ್ ಪೆಡಲಿನ ತುದಿ ಸವೆದು ಕನ್ನಡಿಯಾಗಿತ್ತು, ಡಿಸ್ಕ್ ತನ್ನ ಮೇಲೇ ಅಚ್ಚೊತ್ತಿದ ಕನಿಷ್ಠ ದಪ್ಪಕ್ಕಿಂತ ತೆಳುವಾಗಿತ್ತು. ಅಷ್ಟು ಕಡಿಮೆ ಓಡಿದ ಬೈಕಿನ ಡಿಸ್ಕ್ ಅಷ್ಟು ತೆಳುವಾಗುವುದುಂಟೇ?

ನಾಲ್ಕನೆಯದನ್ನು ಹತ್ತು ನಿಮಿಷ ಓಡಿಸಿದೆ. ನಿಂತಲ್ಲಿ ತಿಳಿಯದ ಒಂದೇ ಒಂದು ವಿಷಯವನ್ನೂ ಆ ಓಟ ನನಗೆ ಹೇಳಲಿಲ್ಲ.

ಅಂದ ಹಾಗೆ, ಲೆಕ್ಕದ ಪುಸ್ತಕದವರೇ, ಟಯರ್, ಚೈನ್, ಬ್ಯಾಟರಿ ಇವು ಸವೆಯುವ ಸಾಮಾನುಗಳು. ಅವನ್ನು ಮೋಸದ ಖಾತೆಗೆ ಬರೆಯುವುದು ಸರಿಯಲ್ಲ. ನಿಮ್ಮ 63ರಲ್ಲಿ 19 ಕಳೆಯಿರಿ, 44 ಉಳಿಯುತ್ತದೆ.

ಎರಡನೆಯ ಗೇರ್:
ನಿಂತಲ್ಲೇ ಎಲ್ಲವೂ ತಿಳಿಯುತ್ತದೆ ಎಂಬ ಮಾತನ್ನು ನಂಬಿಯೇ ನಾನು ಕೆಟ್ಟದ್ದು. ಮೇಲೆ ಹೇಳಿದ ಒಂದೊಂದನ್ನೂ ಮಾಡಿದ್ದೆ. ಎಂಜಿನ್ ತಣ್ಣಗಿತ್ತು, ಹೊಗೆಯಿರಲಿಲ್ಲ, ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ಹುಡುಕಿದೆ, ಫೋರ್ಕಿನ ಮೇಲೆ ಆಯಿಲಿನ ಗೆರೆಯಿದೆಯೇ ಎಂದು ಬೆರಳಾಡಿಸಿದೆ. ಬ್ಯಾಟರಿಗೆ ಮೀಟರ್ ಹಿಡಿದೆ: ಎಂಜಿನ್ ಬಂದ್ ಆಗಿದ್ದಾಗ 12.6 ವೋಲ್ಟ್, ಚಾಲೂ ಮಾಡಿ ಏರಿಸಿದಾಗ 14.2, ಎರಡೂ ಸರಿಯಾಗಿಯೇ ಇದ್ದವು. ಬಂದ ದಾರಿಯಲ್ಲೇ ಒಮ್ಮೆ ಹೋಗಿ ಬಂದೆ, ಮೂರನೆಯ ಗೇರ್ ದಾಟಲಿಲ್ಲ, ಮಾರುವವರು ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆಂಬ ಸಂಕೋಚದಿಂದ ಜೋರಾಗಿ ಎಳೆಯಲೂ ಇಲ್ಲ.

ಮರುದಿನ ಏರಿನಲ್ಲಿ ಎರಡನೆಯ ಗೇರಿನಲ್ಲಿ ಪೂರ್ತಿ ತಿರುಗಿಸಿದೆ. ಗೇರ್ ಹೊರಗೆ ಹಾರಿತು. ಎಂಜಿನ್ ಚೀರಿತು. ಗೇರುಗಳನ್ನು ಒಂದಕ್ಕೊಂದು ಕಚ್ಚಿಸುವ ಹಲ್ಲುಗಳ ಮೂಲೆ ದುಂಡಾಗಿ ಸವೆದಿದ್ದರೆ ಹೀಗಾಗುತ್ತದೆ, ಭಾರ ಬೀಳದೆ ಅದು ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಕ್ಲಚ್ ಪ್ಲೇಟಿನಂತೆ ಬದಿಯ ಮುಚ್ಚಳ ತೆಗೆದು ಬದಲಿಸುವ ಕೆಲಸವಲ್ಲ ಇದು. ನನ್ನ ಬೈಕಿನಲ್ಲಿ ಎಂಜಿನನ್ನು ಕೆಳಗಿಳಿಸಿ ಎರಡು ಹೋಳು ಮಾಡಬೇಕಾಯಿತು. ನನ್ನ ಲೆಕ್ಕ ಹೇಳುವುದಾದರೆ 27, ಜೊತೆಗೆ ಏಳು ವಾರ. ಅದರಲ್ಲಿ ನಾಲ್ಕು ವಾರ ಒಂದು ಗೇರಿಗಾಗಿ ಕಾದದ್ದು, ಎರಡು ವಾರ ತಪ್ಪು ಗೇರ್ ಬಂದು ಹಿಂದಿರುಗಿಸಿದ್ದು.

ಈಗ ನಾನು ಓಡಿಸದೆ ಮಾತೇ ಆಡುವುದಿಲ್ಲ. ಪ್ರತಿಯೊಂದು ಗೇರಿನಲ್ಲೂ ಒಮ್ಮೆ ಜೋರಾಗಿ ಎಳೆದು, ಒಮ್ಮೆ ಥಟ್ಟನೆ ಬಿಡುತ್ತೇನೆ. ಮೇಲಿನ ಗೇರಿನಲ್ಲಿ ಮಧ್ಯಮ ವೇಗದಲ್ಲಿದ್ದಾಗ ಪೂರ್ತಿ ತಿರುಗಿಸಿ, ಎಂಜಿನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆಯೆಂದು ತಿಳಿಯುತ್ತೇನೆ. ನೇರ ರಸ್ತೆಯಲ್ಲಿ ಎರಡೂ ಕೈ ಬಿಟ್ಟು ಯಾವ ಕಡೆಗೆ ಎಳೆಯುತ್ತದೆಂದೂ ನೋಡುತ್ತೇನೆ.

ಗ್ಯಾರೇಜಿನ ಮೂಲೆ:
ಕೊನೆಯ ವಾಕ್ಯವನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಕೋನ್ ಸೆಟ್ ಸಡಿಲವಾಗಿರುವ, ಟಯರ್ ಒಂದೇ ಬದಿ ಸವೆದಿರುವ, ಬೇರೆಯವರ ಬೈಕಿನಲ್ಲಿ ವೇಗ ಇಳಿಯುತ್ತಿರುವಾಗ ಕೈ ಬಿಟ್ಟರೆ ಹ್ಯಾಂಡಲ್ ನಡುಗಲಾರಂಭಿಸಿ ಹಿಡಿತಕ್ಕೇ ಸಿಗದಂತಾಗಬಹುದು. ಹಾಗೆ ಬಿದ್ದ ಬೈಕನ್ನು ನಾನು ರಿಪೇರಿ ಮಾಡಿದ್ದೇನೆ. ಬಿದ್ದವರ ಮಣಿಕಟ್ಟನ್ನು ವೈದ್ಯರು ರಿಪೇರಿ ಮಾಡಿದರು. ಹಿಡಿತವನ್ನು ಹಗುರವಾಗಿಸಿದರೆ ಸಾಲದೇ?

ನಾನು ಮೆಕ್ಯಾನಿಕ್. ಎಂಜಿನಿನ ಸದ್ದು ಕೇಳಿ ಟೈಮಿಂಗ್ ಚೈನ್ ಸಡಿಲವಾಗಿರುವುದನ್ನು ಹೇಳಬಲ್ಲೆ. ಅದೇ ಹೆಮ್ಮೆಯಲ್ಲಿ ಒಂದು ಬೈಕಿನ ಸದ್ದಿಗೆ ಮರುಳಾಗಿ, ಕಾಗದಗಳನ್ನು ಮನೆಗೆ ಬಂದ ಮೇಲೆ ಓದಿದೆ. ಚಾಸಿ ನಂಬರಿನ ಹದಿನೇಳು ಅಕ್ಷರಗಳು ಹೊಂದುತ್ತಿದ್ದವು, ಎಂಜಿನ್ ನಂಬರ್ ಹೊಂದಲಿಲ್ಲ. ಬೆರಳಿನಿಂದ ಸವರಿದರೆ ಅಂಕಿಗಳ ಸುತ್ತ ಅರ ಹಾಕಿದ ಗೆರೆಗಳು ಸಿಕ್ಕವು. ಎಂಟು ತಿಂಗಳು ಅದು ನನ್ನ ಹೆಸರಿಗೆ ಆಗದೆ ಮೂಲೆಯಲ್ಲಿ ನಿಂತಿತ್ತು. ಗ್ರಾಹಕರು ಬಂದಾಗಲೆಲ್ಲ ‘ಅದು ಯಾರ ಬೈಕು?’ ಎಂದು ಕೇಳುತ್ತಿದ್ದರು.

ಲೆಕ್ಕದ ಪುಸ್ತಕ:
44 ಅಲ್ಲ, 63. ಟಯರ್ ಹೊಸದೆಂದು ಹೇಳಿ ಮಾರಿದ್ದರು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷವೆಂಬುದು ಆಗ ನನಗೆ ಗೊತ್ತಿರಲಿಲ್ಲ. ಟಯರಿನ ಮೇಲಿನ ಅಚ್ಚಿನ ಗೀರುಗಳು ಸವೆಯದೆ ಆಳವಾಗಿದ್ದವು, ರಬ್ಬರ್ ಒಂಬತ್ತು ವರ್ಷದ್ದಾಗಿತ್ತು. ಸುಳ್ಳು ಹೇಳಿ ಮಾರಿದ್ದು ಸವೆತದ ಖಾತೆಗೆ ಹೇಗೆ ಹೋಗುತ್ತದೆ?

ತಣ್ಣನೆಯ ಎಂಜಿನ್:
ಹಾಗಾದರೆ ಟಯರಿನ 9ನ್ನು ಒಪ್ಪುತ್ತೇನೆ. ಚೈನ್ ಮತ್ತು ಬ್ಯಾಟರಿ ಒಪ್ಪುವುದಿಲ್ಲ. 53.

ಮೊದಲ ಸಲ ಕೊಳ್ಳುವವನು:
ಎಲ್ಲರಿಗೂ ಧನ್ಯವಾದಗಳು. ಪೂರ್ತಿ ಹಣವನ್ನು ಮೊದಲೇ ಕೊಡುವ ವಿಷಯದಲ್ಲಿ ಯಾರೂ ಏನನ್ನೂ ಹೇಳಲಿಲ್ಲ.

ಮಾರಿದವನು:
ನಾನು ಹೇಳುತ್ತೇನೆ, ಏಕೆಂದರೆ ನಾನು ಆ ಷರತ್ತು ಹಾಕುವವನು. ಒಮ್ಮೆ ಒಬ್ಬರು ತಮ್ಮ ಚೀಲವನ್ನು ನನ್ನಲ್ಲಿ ಬಿಟ್ಟು ‘ಐದು ನಿಮಿಷ’ ಎಂದು ಹೋದರು. ಚೀಲದಲ್ಲಿ ಹಳೆಯ ಪತ್ರಿಕೆಗಳಿದ್ದವು. ಬೈಕ್ ಇಂದಿಗೂ ಬಂದಿಲ್ಲ. ನೀವೆಲ್ಲ ಮಾರುವವರನ್ನು ಕಳ್ಳರೆಂದೇ ಬರೆಯುತ್ತಿದ್ದೀರಿ. ನಾನು ಹಣವನ್ನು ಎಣಿಸಿ ಪಡೆದು ಚೀಟಿ ಬರೆದುಕೊಡುತ್ತೇನೆ: ಇಂತಿಷ್ಟು ಹೊತ್ತಿನೊಳಗೆ ಬೈಕ್ ಇದ್ದ ಹಾಗೆ ಹಿಂದಿರುಗಿದರೆ ಹಣ ವಾಪಸು, ಬೀಳಿಸಿದರೆ ಬೈಕ್ ನಿಮ್ಮದು. ಚೀಟಿ ಬರೆಯಲು ಒಪ್ಪದವರಿಗೆ ಹಣ ಕೊಡಬೇಡಿ. ಇನ್ನೊಂದು ಮಾತು: ಓಡಿಸುವವರಿಗೆ ಪರವಾನಗಿ ಇದೆಯೇ, ಬೈಕಿಗೆ ವಿಮೆ ಚಾಲ್ತಿಯಲ್ಲಿದೆಯೇ ಎಂದು ಇಲ್ಲಿ ಒಬ್ಬರೂ ಕೇಳಲಿಲ್ಲ, ಗೇರಿನ ಹಲ್ಲುಗಳ ಬಗ್ಗೆ ಮಾತ್ರ ಎಲ್ಲರಿಗೂ ಗೊತ್ತು.

ಎರಡನೆಯ ಗೇರ್:
ಗೇರಿನ ಹಲ್ಲುಗಳ ಬಗ್ಗೆ ಗೊತ್ತಾಗಲು ನಾನು 27 ಕೊಟ್ಟಿದ್ದೇನೆ, ಸ್ವಾಮಿ.

ಮೊದಲ ಸಲ ಕೊಳ್ಳುವವನು:
ಭಾನುವಾರ ಹೋಗಿ ಬಂದೆ. ಒಂದು ಗಂಟೆ ಮೊದಲೇ ಹೋದೆ, ಸೈಲೆನ್ಸರ್ ತಣ್ಣಗಿತ್ತು. ಚೋಕ್ ಎಳೆದು ಎಷ್ಟು ಹೊತ್ತು ಸ್ಟಾರ್ಟರ್ ಒತ್ತಿದರೂ ಎಂಜಿನ್ ಹಿಡಿಯಲಿಲ್ಲ. ನಿಂತು ಕೆಟ್ಟ ಪೆಟ್ರೋಲ್ ವಾರ್ನಿಷಿನ ವಾಸನೆ ಹೊಡೆಯುತ್ತಿತ್ತು. ಚೀಟಿಯ ಮಾತು ಬರುವ ಮೊದಲೇ ಬ್ಯಾಟರಿ ಸೋತಿತು. ಕಾರ್ಬ್ಯುರೇಟರ್ ತೊಳೆಸಿಟ್ಟು ಕರೆಯುತ್ತೇನೆಂದು ಅವರು ಹೇಳಿದ್ದಾರೆ. ಮುಂದಿನ ಬಾರಿ ಹೋಗುವಾಗ ಎಂಜಿನ್ ಬಿಸಿ ಮಾಡಿಟ್ಟಿರುವುದಾಗಿಯೂ ಹೇಳಿದರು.

ಲೆಕ್ಕದ ಪುಸ್ತಕ:
ಕಾರ್ಬ್ಯುರೇಟರ್ 5, ಬ್ಯಾಟರಿ 4. ನಿಮ್ಮದಿನ್ನೂ ಕೊಳ್ಳುವ ಮೊದಲೇ 9 ಆಯಿತು. ಬೆಲೆಯಲ್ಲಿ ಅಷ್ಟನ್ನು ಇಳಿಸದಿದ್ದರೆ ಎರಡನೆಯ ಬಾರಿ ಹೋಗಬೇಡಿ.

ತಣ್ಣನೆಯ ಎಂಜಿನ್:
ಬ್ಯಾಟರಿ ಸವೆಯುವ ಸಾಮಾನು. 5.