ಟಿವಿಯಲ್ಲಿ ಗ್ಲೀಸನ್ 9 ಅಂತ ಬಂತು, ಅಪ್ಪ ಹೆದರಿ ಕೂತಿದ್ದಾರೆ

ಪ್ರಶ್ನೆ (ಆಳಂದ ತಾಲ್ಲೂಕಿನಿಂದ):

ಡಾಕ್ಟರ್ ಸಾಹೇಬ್ರೇ, ಶರಣ್ರಿ. ಅಮೆರಿಕದ ಮಾಜಿ ಅಧ್ಯಕ್ಷ ಬೈಡನ್ ಅವರಿಗೆ ಪ್ರಾಸ್ಟೇಟ್ (ಗಂಡಸರ ಮೂತ್ರಚೀಲದ ಕೆಳಗಿನ ಗ್ರಂಥಿ) ಕ್ಯಾನ್ಸರ್, ಗ್ಲೀಸನ್ 9, ಎಲುಬಿಗೂ ಹಬ್ಬಿದೆ ಅಂತ ಮೊನ್ನೆ ಟಿವಿಯಲ್ಲಿ ಬಂತು. ಅವತ್ತಿನಿಂದ ನಮ್ಮ ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ಅವರಿಗೆ 68 ವರ್ಷ. ಹೋದ ತಿಂಗಳು ಬಯಾಪ್ಸಿ ಆಗಿದೆ. ರಿಪೋರ್ಟಿನಲ್ಲಿ ಗ್ಲೀಸನ್ 3+4=7, ಪ್ರಾಸ್ಟೇಟಿಗೆ ಮಾಡುವ ರಕ್ತಪರೀಕ್ಷೆ ಪಿಎಸ್‌ಎ 8 ಅಂತ ಇದೆ. "ನನಗೆ ಏಳು ಬಂದಿದೆ, ಒಂಬತ್ತಕ್ಕೆ ಇನ್ನೆರಡೇ ಬಾಕಿ. ಸುಮ್ನೆ ಯಾಕೆ ರೊಕ್ಕ ಹಾಳು ಮಾಡ್ತೀರಿ" ಅಂತಾರೆ. ಏನು ಹೇಳಲಿ?

ಉತ್ತರ (ಕಲಬುರಗಿಯ ಕ್ಯಾನ್ಸರ್ ಡಾಕ್ಟರ್):

ಶರಣ್ರಿ. ಇದೇ ವಾರ ಈ ಸುದ್ದಿ ಹಿಡಿದುಕೊಂಡು ನನ್ನ ಹತ್ತಿರ ಮೂರು ಮಂದಿ ಬಂದಿದ್ದಾರೆ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗ್ಲೀಸನ್ ಅನ್ನೋದು ಹತ್ತಕ್ಕೆ ಇಷ್ಟು ಅಂತ ಹಾಕುವ ಮಾರ್ಕ್ಸ್ ಅಲ್ಲ. ಮೈಯಲ್ಲಿ ಎಷ್ಟು ಭಾಗ ಕೆಟ್ಟಿದೆ ಅನ್ನೋ ಲೆಕ್ಕವೂ ಅಲ್ಲ. ಬಯಾಪ್ಸಿ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೀವಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ಅಂತ 3, 4 ಅಥವಾ 5 ಕೊಡುತ್ತಾರೆ. ಜಾಸ್ತಿ ಕಂಡದ್ದಕ್ಕೆ ಒಂದು ಅಂಕಿ, ಅದರ ನಂತರದ್ದಕ್ಕೆ ಇನ್ನೊಂದು. ಎರಡನ್ನೂ ಕೂಡಿಸುತ್ತಾರೆ. ಹಾಗಾಗಿ ಈಗ ರಿಪೋರ್ಟಿನಲ್ಲಿ ಬರುವ ಅತಿ ಕಡಿಮೆ ಅಂಕಿಯೇ 6. ನಿಮ್ಮ ಅಪ್ಪನದು 6ರ ಮುಂದಿನ ಮೆಟ್ಟಿಲು. ಈ ಅಂಕಿ ನೋಡಿ ಕ್ಯಾನ್ಸರನ್ನು ಐದು ಗುಂಪು ಮಾಡುತ್ತಾರೆ, ಅದರಲ್ಲಿ ಎರಡನೆಯದು. ಬೈಡನ್ ಅವರದು ಐದನೆಯದು. ಇವತ್ತು ಏಳು, ಮುಂದಿನ ತಿಂಗಳು ಎಂಟು ಅಂತ ಆಟೋ ಮೀಟರ್ ಥರ ಏರುವ ಅಂಕಿ ಇದಲ್ಲ. ಈ ಒಂದು ಮಾತನ್ನು ಅಪ್ಪನ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿ.

ಇನ್ನು ಎಲುಬಿಗೆ ಹಬ್ಬಿದ್ದು. ಅದು ಸ್ಟೇಜ್, ಅಂದ್ರೆ ರೋಗ ಎಲ್ಲಿ ತನಕ ಹಬ್ಬಿದೆ ಅನ್ನೋದು. ಅದು ಬೇರೆ ವಿಷಯ. ಗ್ಲೀಸನ್ ನೋಡಿ ಸ್ಟೇಜ್ ಹೇಳೋಕಾಗಲ್ಲ. ಎಂಆರ್‌ಐ ನೋಡಬೇಕು, ಬೇಕಾದರೆ ಎಲುಬಿನ ಸ್ಕ್ಯಾನ್ ಮಾಡಬೇಕು. 3+4 ಇದ್ದು ಪಿಎಸ್‌ಎ ಹತ್ತರ ಒಳಗಿದ್ದರೆ ತುಂಬಾ ಸಲ ರೋಗ ಪ್ರಾಸ್ಟೇಟ್ ಒಳಗೇ ಇರುತ್ತದೆ. ಹಾಗಿದ್ದರೆ ಆಪರೇಷನ್ ಅಥವಾ ರೇಡಿಯೇಷನ್‌ನಿಂದ ಗುಣ ಆಗುವ ಸಾಧ್ಯತೆ ತುಂಬಾ ಜಾಸ್ತಿ. ಇದು ರೊಕ್ಕ ಹಾಳು ಮಾಡುವ ಮಾತಲ್ಲ.

ಬೈಡನ್ ಕಚೇರಿ 2025ರ ಮೇ 18ರಂದು ಹೇಳಿದ್ದರಲ್ಲಿ ಇನ್ನೊಂದು ಮಾತಿತ್ತು. ಟಿವಿಯವರು ಅದನ್ನು ಹಾರಿಸಿಬಿಟ್ಟರು. ಅವರ ಕ್ಯಾನ್ಸರ್ ಹಾರ್ಮೋನಿಗೆ ಬಗ್ಗುವಂಥದ್ದು. ಗಂಡಸಿನ ಹಾರ್ಮೋನು ಈ ಗಡ್ಡೆಗೆ ನೀರಿದ್ದ ಹಾಗೆ. ಇಂಜೆಕ್ಷನ್ ಕೊಟ್ಟು ಆ ನೀರು ನಿಲ್ಲಿಸಿದರೆ ರೋಗ ಬಾಡುತ್ತದೆ. ಬೇರು ಪೂರ್ತಿ ಹೋಗಲ್ಲ, ಆದರೆ ವರ್ಷಗಟ್ಟಲೆ ಹಿಡಿತದಲ್ಲಿ ಇಡಬಹುದು. ಎಲುಬಿಗೆ ಹೋಗಿದೆ ಅಂದ ಕೂಡಲೇ ದಿನ ಎಣಿಸುವ ಕಾಲ ಇದಲ್ಲ.

ಪ್ರಶ್ನೆ (ಬೀದರ್‌ನಿಂದ):

ಸರ್, ಬೈಡನ್ ಅವರ ಸುತ್ತ ಅಷ್ಟು ದೊಡ್ಡ ಡಾಕ್ಟರುಗಳು ಇದ್ದರೂ ಎಲುಬಿಗೆ ಹೋಗುವ ತನಕ ಗೊತ್ತಾಗಲಿಲ್ಲ ಅಂದ್ರೆ ನಂಬೋದು ಹೇಗೆ? ಮುಚ್ಚಿಟ್ಟಿದ್ದಾರೆ ಅಲ್ವಾ?

ಉತ್ತರ:

ಈ ಅನುಮಾನ ಬರೋದು ಸಹಜ. ಆದರೆ ಅವರಿಗೆ ಕೊನೆಯ ಪಿಎಸ್‌ಎ ಪರೀಕ್ಷೆ ಆಗಿದ್ದು 2014ರಲ್ಲಿ ಅಂತ ಕಚೇರಿಯವರೇ ಹೇಳಿದ್ದಾರೆ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ತೊಂದರೆ ಏನೂ ಇಲ್ಲದ, ಎಪ್ಪತ್ತು ದಾಟಿದ ಗಂಡಸರಿಗೆ ಸುಮ್ನೆ ಪಿಎಸ್‌ಎ ಮಾಡಿಸಬೇಡಿ ಅಂತ ಅಲ್ಲಿನ ತಜ್ಞರ ಸಮಿತಿಯ ಸಲಹೆಯೇ ಇದೆ. ಯಾಕಂದ್ರೆ ಆ ವಯಸ್ಸಿನಲ್ಲಿ ಸಿಗುವ ಎಷ್ಟೋ ಪ್ರಾಸ್ಟೇಟ್ ಕ್ಯಾನ್ಸರ್ ತುಂಬಾ ನಿಧಾನ, ಜೀವಕ್ಕೆ ಏನೂ ಮಾಡಲ್ಲ. ಚಿಕಿತ್ಸೆ ಕೊಟ್ಟರೆ ಮಾತ್ರ ಮೂತ್ರ ಸೋರುವಂಥ ಕಷ್ಟ ಬರಬಹುದು. ಈ ಸಲಹೆಯಿಂದ ಕೆಲವರ ಜೋರಿನ ಕ್ಯಾನ್ಸರ್ ತಪ್ಪಿಹೋಗುತ್ತದೆ, ಅದೂ ನಿಜ. ಅದರ ಬಗ್ಗೆ ನಮ್ಮಲ್ಲೇ ವಾದ ನಡೆಯುತ್ತಿರುತ್ತದೆ. ಆದರೆ ತಡವಾಗಿ ಗೊತ್ತಾಯಿತು ಅನ್ನೋದೊಂದರಿಂದ ಮುಚ್ಚಿಟ್ಟರು ಅನ್ನೋಕಾಗಲ್ಲ.

ಮುಚ್ಚಿಟ್ಟದ್ದಕ್ಕೆ ಉದಾಹರಣೆ ಬೇರೆ ಇದೆ. ಅಮೆರಿಕದ ರಕ್ಷಣಾ ಮಂತ್ರಿ ಆಗಿದ್ದ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರ್‌ನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಮಾಡಿಸಿಕೊಂಡರು. ಜನವರಿ 1ರಂದು ಮತ್ತೆ ಆಸ್ಪತ್ರೆ ಸೇರಿದರು. ಅಧ್ಯಕ್ಷರಿಗೇ ಕೆಲವು ದಿನ ಗೊತ್ತಿರಲಿಲ್ಲ. ಆಮೇಲೆ ಅವರೇ ಕ್ಷಮೆ ಕೇಳಿದರು. ಅಧಿಕಾರದಲ್ಲಿ ಇರುವವರು ಕೆಲಸಕ್ಕೆ ಬರೋಕಾಗುತ್ತಾ ಇಲ್ಲವಾ ಅನ್ನೋದು ಜನರಿಗೆ ಗೊತ್ತಾಗಬೇಕು. ಉಳಿದ ಸಣ್ಣ ಸಣ್ಣ ವಿವರ ಅವರ ಮನೆಯ ವಿಷಯ ಅಂತ ನನ್ನ ಅಭಿಪ್ರಾಯ.

2024ರಲ್ಲಿ ಬ್ರಿಟನ್ ರಾಜ ಚಾರ್ಲ್ಸ್‌ಗೆ ಕ್ಯಾನ್ಸರ್ ಅಂತ ಅರಮನೆ ಹೇಳಿತು, ಯಾವುದು ಅಂತ ಹೇಳಲಿಲ್ಲ. ಪ್ರಾಸ್ಟೇಟ್ ಅಲ್ಲ ಅಂದರು, ಅಷ್ಟೇ. ಅಷ್ಟನ್ನೇ ಇಟ್ಟುಕೊಂಡು ಇನ್ನೆಷ್ಟು ದಿನ ಅಂತ ಯಾರಾದರೂ ಹೇಳಿದರೆ ಆ ಚಾನೆಲ್ ಬದಲಿಸಿಬಿಡಿ. ಎಲ್ಲಿ ಶುರುವಾಯಿತು, ಎಲ್ಲಿ ತನಕ ಹೋಗಿದೆ ಅಂತ ತಿಳಿಯದೆ ನಾನಂತೂ ಬಾಯಿ ಬಿಡಲ್ಲ.

ಮರುಪ್ರಶ್ನೆ (ಆಳಂದ ತಾಲ್ಲೂಕಿನಿಂದ):

ಸಾಹೇಬ್ರೇ, ಅಪ್ಪನಿಗೆ ಓದಿ ಹೇಳಿದೆ. "ಆರರ ಮುಂದಿನ ಮೆಟ್ಟಿಲಾ?" ಅಂತ ಎರಡು ಸಲ ಕೇಳಿದರು. ರಾತ್ರಿ ಒಂದು ರೊಟ್ಟಿ ಜಾಸ್ತಿ ತಿಂದರು. ಸೋಮವಾರ ಕಲಬುರಗಿಗೆ ಬರ್ತೀವಿ. ಏನೇನು ತರಬೇಕು?

ಉತ್ತರ:

ತುಂಬಾ ಸಂತೋಷ ಆಯ್ತು. ಬಯಾಪ್ಸಿ ರಿಪೋರ್ಟ್, ಪಿಎಸ್‌ಎದ ಹಳೆ ಚೀಟಿ ಇದ್ದರೆ ಅವೂ, ಬಿಪಿ ಸಕ್ಕರೆ ಗುಳಿಗೆಗಳು ಬೇಕು. ಲ್ಯಾಬಿನಲ್ಲಿ ಬಯಾಪ್ಸಿಯ ಸ್ಲೈಡ್, ಬ್ಲಾಕ್ ಕೇಳಿ ಇಸಿದುಕೊಳ್ಳಿ, ಇನ್ನೊಮ್ಮೆ ನೋಡಿಸಬಹುದು. ಬಿಪಿಎಲ್ ಕಾರ್ಡ್ ಮತ್ತು ಆಧಾರ್ ಮರೀಬೇಡಿ. ಇಲ್ಲೇ ಕಿದ್ವಾಯಿ ಕ್ಯಾನ್ಸರ್ ಕೇಂದ್ರ ಇದೆ, ಆಯುಷ್ಮಾನ್ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಬರುತ್ತದೆ. ಬಿಸಿಲು ಜಾಸ್ತಿ ಇದೆ, ಬೆಳಗಿನ ಬಸ್ಸಿಗೇ ಹೊರಡಿ.